ಆ ಆರು ಅಂಕಿ ಯಾಕೆ ನೋಡಬೇಕು?

"ಬ್ಲೂಟೂತ್ ಜೋಡಿಸುವಾಗ ಎರಡೂ ಕಡೆ ಒಂದೇ ನಂಬರ್ ಬರುತ್ತಲ್ಲ, ಅದನ್ನ ಯಾಕೆ ನೋಡ್ಬೇಕು? ಸುಮ್ನೆ ಓಕೆ ಒತ್ತಿದ್ರೆ ಆಗಲ್ವಾ?"

ನನ್ನ ಕೆಲಸವೇ ಇದು ಅಂತ ಗೊತ್ತಾದರೆ ಸಾಕು, ಮದುವೆ ಊಟದ ಪಂಕ್ತಿಯಲ್ಲೂ ಇದನ್ನೇ ಕೇಳುತ್ತಾರೆ. ಆಗಲ್ಲ. ನೋಡಲೇಬೇಕು. "ಒಂದೇ ನಂಬರ್ ಬರುತ್ತೆ" ಅನ್ನುತ್ತೀರಲ್ಲ, ನನಗೆ ಸಿಟ್ಟು ಬರುವುದೇ ಆ ಮಾತಿಗೆ. ನೋಡದೆ ಒಂದೇ ಅಂತ ಹೇಗೆ ಗೊತ್ತಾಯಿತು?

ನಿಮ್ಮ ಫೋನು, ಕಾರು ಮೊದಲ ಸಲ ಭೇಟಿಯಾಗುತ್ತಿವೆ. ಗಾಳಿಯಲ್ಲೇ ಕೀ (ಗುಟ್ಟಾಗಿ ಮಾತಾಡಲು ಬೇಕಾದ ಸಂಖ್ಯೆ) ಕೊಟ್ಟು ತೆಗೆದುಕೊಳ್ಳುತ್ತವೆ. ಮಧ್ಯೆ ಒಬ್ಬ ಕೂತು ಫೋನಿಗೆ 'ನಾನೇ ಕಾರು', ಕಾರಿಗೆ 'ನಾನೇ ಫೋನು' ಅನ್ನಬಹುದು. ಆಗ ಆ ಕೀಗಳಿಂದ ಎರಡು ಕಡೆ ಹಾಕುವ ಲೆಕ್ಕವೂ ಬೇರೆಯಾಗಿ, ಬರುವ ಆರಂಕಿಯೂ ಬೇರೆಯಾಗುತ್ತದೆ. ಅವನ ಅದೃಷ್ಟಕ್ಕೆ ಅವು ಹೊಂದಿಕೊಳ್ಳುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು. 2007ರ ಬ್ಲೂಟೂತ್ 2.1ರಿಂದ ಈ ಏರ್ಪಾಡು ಇದೆ. ಇದು ಒಟಿಪಿ ಅಲ್ಲ, ಪಕ್ಕದವರು ನೋಡಿದರೆ ಚಿಂತೆಯಿಲ್ಲ. ನೀವು ನೋಡದಿದ್ದರೆ ಮಾತ್ರ ಅವನಿಗೆ ಲಾಭ. (ಪರದೆಯೇ ಇಲ್ಲದ ಇಯರ್‌ಫೋನಿಗೆ ಈ ಕಾವಲಿಲ್ಲ.)

ಆದರೆ ಜೋಡಿಸಿದ್ದನ್ನು ಬಿಡಿಸುವುದು ಯಾವಾಗ ಅಂತ ಒಬ್ಬರಾದರೂ ಕೇಳಬಾರದೇ?

ಭಾವ ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರು. ಫೋನ್ ಜೋಡಿಸಿಕೊಡು ಅಂದರು. ಪರದೆ ತೆರೆದರೆ ಹಳೇ ಮಾಲೀಕರ ಫೋನ್‌ಬುಕ್ ಹಾಗೇ ಕೂತಿದೆ. 'ಅಮ್ಮ ಹೊಸ ನಂಬರ್'. 'ಗ್ಯಾಸ್'. 'ಪಾಪು ಡಾಕ್ಟರ್'. ನನಗೆ ಯಾರದೋ ಮನೆಯೊಳಗೆ ಹೇಳದೆ ಕೇಳದೆ ಹೋದಂತಾಯಿತು.

1999ರಲ್ಲಿ ಕಂಪ್ಯೂಟರ್ ಭದ್ರತೆಯ ಸಂಶೋಧಕರಾದ ಫ್ರಾಂಕ್ ಸ್ಟಜಾನೊ, ರಾಸ್ ಆಂಡರ್ಸನ್ ಈ ಜೋಡಿಸಿ ಬಿಡಿಸುವುದಕ್ಕೆ ಬಾತುಕೋಳಿ ಮರಿಯ ಹೋಲಿಕೆ ಕೊಟ್ಟರು. ಮೊಟ್ಟೆಯೊಡೆದ ಮರಿ ಮೊದಲು ಕಂಡಿದ್ದನ್ನೇ ತಾಯಿ ಅಂದುಕೊಳ್ಳುತ್ತದೆ. ಹೊಸ ಸಾಧನಕ್ಕೂ ಮೊದಲು ಕೀ ಕೊಟ್ಟವರೇ ತಾಯಿ. ಕೈ ಬದಲಾದಾಗ ಆ ಮರಿ ಸತ್ತು, ಹೊಸ ಮಾಲೀಕರ ಮುಂದೆ ಮತ್ತೆ ಹುಟ್ಟಬೇಕು. ಈ ಕಾರನ್ನು ಸಾಯಿಸುವುದು ಯಾರಿಗೂ ನೆನಪಾಗಿರಲಿಲ್ಲ.

ಫ್ಯಾಕ್ಟರಿ ರಿಸೆಟ್ ಒತ್ತಿದೆ. ಆಮೇಲೆ ಭಾವನ ಫೋನ್ ಜೋಡಿಸಿ, ಆರಂಕಿಯನ್ನು ಅವರಿಂದಲೇ ಜೋರಾಗಿ ಓದಿಸಿದೆ. ಓದಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಮ್ಮ ಹಳೇ ಕಾರಲ್ಲಿ ಏನೂ ಅಳಿಸಿಲ್ಲ ಕಣೋ."

ಅಲ್ಲೇ ಕೂತು, ಅದನ್ನು ಕೊಂಡವರಿಗೆ ಫೋನ್ ಮಾಡಿದೆವು.