ಪೊಲೀಸನ ಮೂರು ಮಾತು

ನಾನು ಬಣ್ಣ ಹಚ್ಚಿದ್ದು ಒಂದೇ ರಾತ್ರಿ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ. ಆಗ ನನಗೆ ಹತ್ತೊಂಬತ್ತು.

ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಆ ಜಾತ್ರೆ ಮುಗಿಯುವುದಿಲ್ಲ. ನಾಟಕ ಕಂಪನಿಗಳು ತಗಡು ಬಡಿದು ವಾರಗಟ್ಟಲೆ ಕ್ಯಾಂಪ್ ಹಾಕುತ್ತವೆ. ಅಂಥದ್ದೊಂದು ಕಂಪನಿಯಲ್ಲಿ ನಮ್ಮ ಕಾಕಾ ಹಾಸ್ಯಪಾತ್ರ ಮಾಡುತ್ತಿದ್ದರು. ಗುಡಿ ಮುಂದೆ ಅಜ್ಜಿಯೊಬ್ಬಳ ಬುಟ್ಟಿಯ ರೊಟ್ಟಿ, ಬದನೆಕಾಯಿ ಪಲ್ಯ, ಕೆನೆಮೊಸರು ಹೊಡೆದು ಸುಮ್ನೆ ಮಾತಾಡಿಸಲು ಹೋದೆ. ಪೊಲೀಸ್ ಪಾತ್ರದವನಿಗೆ ಜ್ವರ. ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಂಗಿ ಸರಿ ಆಕ್ಕೈತಿ" ಅಂದರು. ನಟನೆ ಬರುತ್ತಾ ಅಂತ ಯಾರೂ ಕೇಳಲಿಲ್ಲ.

ನನಗಿದ್ದದ್ದು ಮೂರೇ ಮಾತು. ಕುಡುಕನಾಗಿ ಕಾಕಾ ತೂರಾಡುತ್ತ ಬಂದರು. "ಯಾಕಲೇ, ಮನಿಗೆ ಹೋಗಂಗಿಲ್ಲೇನು?" ಅಂದೆ.

"ಊರು ತಿರಗಾಕ್ಹತ್ತೈತ್ರಿ ಸಾಹೇಬ್ರ. ನಮ್ಮ ಮನಿ ಮುಂದ ಬರ್ಲಿ, ಒಳಗ ಹೊಕ್ಕೇನಿ."

ಹಳೇ ಜೋಕು. ಆದರೂ ಜನ ಬಿದ್ದು ಬಿದ್ದು ನಕ್ಕರು. ನಾನು ಆ ನಗುವಿನ ಮಧ್ಯದಲ್ಲೇ ಎರಡನೇ ಮಾತು ಒದರಿಬಿಟ್ಟೆ. ಯಾರಿಗೂ ಕೇಳಲಿಲ್ಲ. ಕಾಕಾನ ಮುಂದಿನ ಪಂಚ್ ನಿಂತಿದ್ದೇ ಆ ಮಾತಿನ ಮೇಲೆ! ಅವರು ಕಿವಿಗೆ ಕೈ ಹಚ್ಚಿ, "ಏನಂದ್ರಿ? ಮಂದಿ ನಕ್ಕದ್ದು ಕೇಳ್ತು, ನಿಮ್ಮದು ಕೇಳಲಿಲ್ಲ" ಅಂದರು. ಮತ್ತೆ ನಗು, ಮೊದಲಿಗಿಂತ ಜಾಸ್ತಿ. ನಾನು ಬೆವತುಹೋದೆ. ಆಗ ಅವರು ನಶೆಯಲ್ಲಿ ಜೋಲಿ ಹೊಡೆದಂತೆ ನನ್ನ ಹೆಗಲ ಮೇಲೆ ಬಿದ್ದರು. ಬಣ್ಣದ ವಾಸನೆ, ಕೊಬ್ಬರಿ ಎಣ್ಣೆಯ ವಾಸನೆ. ಕಿವಿಯಲ್ಲಿ ಪಿಸುಮಾತು: "ನಿಂದ್ರು... ನಿಂದ್ರು... ಹಾಂ, ಈಗ ಅನ್ನು."

ಅಂದೆ. ಆಮೇಲೆ ಅವರ ಪಂಚ್‌ಗೆ ತಗಡು ನಡುಗಿತು.

ನಾಟಕ ಮುಗಿದಾಗ ಬೆಳಗಿನ ಜಾವ. ಮುಖ ಒರೆಸಿಕೊಳ್ಳುತ್ತ ಕಾಕಾ, ತಾವು ಒಂದೆರಡು ಸಿನಿಮಾದಲ್ಲಿ ಮಾಡಿದ ಚೂರುಪಾರು ಪಾತ್ರಗಳ ಬಗ್ಗೆ ಹೇಳಿದರು. "ಅಲ್ಲಿ ಯಾರೂ ನಗಂಗಿಲ್ಲೋ ತಮ್ಮಾ. ಲೈಟಿನ ಹುಡುಗ ತಲಿ ಕೆರಕೋತ ನಿಂತಿರ್ತಾನ. ಎಷ್ಟೊತ್ತು ತಡೀಬೇಕು ಅಂತ ಹೆಂಗ ಗೊತ್ತಾಗಬೇಕು?"

ಈ ಲೆಕ್ಕ ಗೊತ್ತಿದ್ದವರು ಹಾಸ್ಯನಟ ರಾಜು ತಾಳಿಕೋಟೆ. ವಿಜಯಪುರ ಜಿಲ್ಲೆಯವರು, ತಾಳಿಕೋಟೆಯ ಖಾಸ್ಗತೇಶ್ವರ ನಾಟ್ಯ ಸಂಘದಲ್ಲಿ ಬೆಳೆದವರು. ಅವರ 'ಕಲಿಯುಗದ ಕುಡುಕ' ನಾಟಕದ ಕ್ಯಾಸೆಟ್ ನಮ್ಮ ಕಡೆ ಚಹಾದಂಗಡಿಗಳಲ್ಲಿ ಎಷ್ಟು ಓಡಿತೆಂದರೆ, ನಾಟಕ ನೋಡದವರಿಗೂ ಮಾತು ಬಾಯಿಪಾಠ. 2009ರಲ್ಲಿ ಅವರು ನಟಿಸಿದ 'ಮನಸಾರೆ' ಸಿನಿಮಾ ಬಂದಾಗ ಕಾಕಾನನ್ನು ಬಾಗಲಕೋಟೆಗೆ ಕರೆದುಕೊಂಡು ಹೋದೆ. ಎಲ್ಲರೂ ನಗುತ್ತಿದ್ದರೆ ಕಾಕಾ ಮಾತ್ರ ತೊಡೆಯ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದರು. "ನೋಡು, ನಗಾಕ ಜಾಗಾ ಬಿಟ್ಟಾನ" ಅಂದರು. ಹೀರೋ ಹೀರೋಯಿನ್ ಕಡೆ ಅವರ ಗಮನವೇ ಇರಲಿಲ್ಲ ಅಂತ ಕಾಣುತ್ತೆ.

2025ರ ಅಕ್ಟೋಬರ್ 13ರಂದು ರಾಜು ತಾಳಿಕೋಟೆ ಹೃದಯಾಘಾತದಿಂದ ತೀರಿಕೊಂಡರು. ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರೂ ಬಣ್ಣ ಬಿಟ್ಟಿರಲಿಲ್ಲ. ಸಿನಿಮಾ ಶೂಟಿಂಗ್‌ಗೆಂದೇ ಉಡುಪಿ ಕಡೆ ಹೋಗಿದ್ದರು. ರಾತ್ರಿ ಕಾಕಾನ ಫೋನ್ ಬಂತು.

"ಆ ಕ್ಯಾಸೆಟ್ ಐತೇನು ನಿನ್ನ ಹಂತ್ಯಾಕ?"

"ಐತಿ ಕಾಕಾ. ಹಚ್ಚಾಕ ಟೇಪ್ ಇಲ್ಲ."

"ಇರ್ಲಿ, ತಗೊಂಡ್ ಬಾ" ಅಂದರು.