ಅರ್ಧ ಗಂಟೆ ಮುಂದಿನ ಊರು

ಕಾಲೇಜಿನ ಸುವರ್ಣ ಮಹೋತ್ಸವದ ಸಂಚಿಕೆಗೆ ನೆನಪುಗಳನ್ನು ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ, ಧಾರವಾಡದ ಜಿಟಿಜಿಟಿ ಮಳೆ, ಕ್ಯಾಂಟೀನಿನ ಗಿರಮಿಟ್ಟು, ಗ್ರಂಥಾಲಯದ ಮುರುಕು ಬೆಂಚು ಇವನ್ನೆಲ್ಲ ಉಳಿದವರು ಬರೆದೇ ಬರೆಯುತ್ತಾರೆ ಅನ್ನಿಸಿತು. ನನ್ನ ಪಾಲಿಗೆ ಉಳಿದದ್ದು ಒಂದು ಉತ್ತರ ಪತ್ರಿಕೆ.

ಬಿ.ಎ. ಎರಡನೆಯ ವರ್ಷದ ಕಿರುಪರೀಕ್ಷೆ. ಪ್ರಶ್ನೆ: ‘ಕೆನಡಾದ ಒಕ್ಕೂಟ ವ್ಯವಸ್ಥೆಯ ಲಕ್ಷಣಗಳನ್ನು ವಿವರಿಸಿ.’ ರಾಜ್ಯಶಾಸ್ತ್ರದ ಸರ್ ಬರೆಸಿದ ನೋಟ್ಸನ್ನು ಒಂದಕ್ಷರ ಬಿಡದೆ ಇಳಿಸಿದ್ದೆ. 1867ರ ಕಾಯಿದೆ, ಬಲಿಷ್ಠ ಕೇಂದ್ರ, ಯಾರಿಗೂ ಹಂಚದೆ ಉಳಿದ ಶೇಷಾಧಿಕಾರಗಳೆಲ್ಲ ಕೇಂದ್ರದ ಕೈಯಲ್ಲಿ, ಪ್ರಾಂತಗಳ ಲೆಫ್ಟಿನೆಂಟ್ ಗವರ್ನರುಗಳ ನೇಮಕವೂ ಕೇಂದ್ರದಿಂದಲೇ. ಭಾರತದ ಸಂವಿಧಾನ ಹಿಡಿದದ್ದೂ ಇದೇ ದಾರಿ, ಕೆ.ಸಿ. ವೇರ್ ಎಂಬ ವಿದ್ವಾಂಸ ಎರಡನ್ನೂ ‘ಅರೆ ಒಕ್ಕೂಟ’ ಎಂದು ಕರೆದಿದ್ದಾನೆ ಎಂದು ಮುಗಿಸಿದ್ದೆ. 15ಕ್ಕೆ 11 ಬಂತು. ಅಂಚಿನಲ್ಲಿ ಕೆಂಪು ಶಾಯಿಯ ಎರಡೇ ಪದ: ‘ಜನ ಎಲ್ಲಿ?’ ನೋಟ್ಸಿನಲ್ಲಿ ಅವರೇ ಬರೆಸದ ಜನರನ್ನು ನಾನು ಎಲ್ಲಿಂದ ತರಲಿ ಎಂದು ಗೊಣಗಿಕೊಂಡು ಪತ್ರಿಕೆಯನ್ನು ಟ್ರಂಕಿಗೆ ಹಾಕಿದೆ.

ಆರು ವರ್ಷಗಳ ಮೇಲೆ, 2004ರ ಸೆಪ್ಟೆಂಬರಿನಲ್ಲಿ, ಜಾನಪದ ಓದಲು ಕೆನಡಾದ ಪೂರ್ವದ ತುದಿಗೆ, ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಸೇಂಟ್ ಜಾನ್ಸ್ ಪಟ್ಟಣದ ಮೆಮೋರಿಯಲ್ ವಿಶ್ವವಿದ್ಯಾಲಯಕ್ಕೆ ಹೋದೆ. ಮೊದಲು ಬೆರಗು ಹುಟ್ಟಿಸಿದ್ದು ಗಡಿಯಾರ. ನಮ್ಮ ಗಡಿಯಾರಕ್ಕಿರುವಂಥ ಅರ್ಧ ಗಂಟೆಯ ತಕರಾರು ಆ ದ್ವೀಪದ್ದಕ್ಕೂ ಇದೆ. ಪಕ್ಕದ ಪ್ರಾಂತಗಳಿಗಿಂತ ಅದು ಅರ್ಧ ಗಂಟೆ ಮುಂದೆ. ಸರ್ಕಾರಿ ರೇಡಿಯೊ ಯಾವ ಕಾರ್ಯಕ್ರಮದ ಹೊತ್ತು ಹೇಳಿದರೂ ಬಾಲಕ್ಕೆ ‘ನ್ಯೂಫೌಂಡ್‌ಲ್ಯಾಂಡಿನಲ್ಲಿ ಅರ್ಧ ಗಂಟೆ ತಡವಾಗಿ’ ಎಂದು ಅಂಟಿಸುತ್ತದೆ. ಎರಡು ಅರ್ಧಗಳು ಕೂಡಿದ್ದರಿಂದ ನನಗೊಂದು ಲಾಭವಾಯಿತು. ಚಳಿಗಾಲದಲ್ಲಿ ಅಲ್ಲಿಗೂ ಧಾರವಾಡಕ್ಕೂ ಸರಿಯಾಗಿ ಒಂಬತ್ತು ಗಂಟೆಗಳ ಅಂತರ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಇಲ್ಲಿ ಬೆಳಗಿನ ಆರು. ನಿಮಿಷದ ಮುಳ್ಳು ಎರಡೂ ಕಡೆ ಒಂದೇ ಜಾಗದಲ್ಲಿ.

ಬಾಡಿಗೆಗೆ ಒಂದು ಕೋಣೆ ಕೊಟ್ಟ ಮನೆಯೊಡತಿಗೆ ಆಗ 67 ವರ್ಷ. ನನ್ನನ್ನು ಅವರು ಕರೆಯುತ್ತಿದ್ದದ್ದು ‘ಮಗನೇ’ ಎಂದು. ಅಲ್ಲಿಯ ಮಾತಿನ ರೂಢಿಯೇ ಅದು. ನಮ್ಮಲ್ಲಿ ಗುರುತಿಲ್ಲದವರನ್ನೂ ‘ತಮ್ಮಾ’ ಅನ್ನುವುದಿಲ್ಲವೇ, ಹಾಗೆ. ನಾನು ಅವರನ್ನು ಮನಸ್ಸಿನಲ್ಲಿ ಅಜ್ಜಿ ಎಂದೇ ಕರೆಯುತ್ತಿದ್ದೆ. ಮೊದಲ ವಾರ ಚಹಾ ಕುಡಿಯುತ್ತ, ಮಗನ ಬಗ್ಗೆ ಕೇಳಿದ್ದಕ್ಕೆ ‘ಅವನು ಕೆನಡಾಕ್ಕೆ ಹೋಗಿದ್ದಾನೆ’ ಎಂದರು. ನಾನು ಕಪ್ಪು ಕೆಳಗಿಟ್ಟೆ. ಹಾಗಾದರೆ ನಾನು ಕುಳಿತಿರುವುದು ಎಲ್ಲಿ?

ಅಜ್ಜಿ ಹುಟ್ಟಿದ್ದು ಅದೇ ಬೀದಿಯಲ್ಲಿ, ಆದರೆ ಬೇರೆ ದೇಶದಲ್ಲಿ. ನ್ಯೂಫೌಂಡ್‌ಲ್ಯಾಂಡ್ ಒಂದು ಕಾಲಕ್ಕೆ ಕೆನಡಾದ ಸರಿಸಮ ಡೊಮಿನಿಯನ್, ಎಂದರೆ ಬ್ರಿಟಿಷ್ ಸಾಮ್ರಾಜ್ಯದೊಳಗೇ ತನ್ನನ್ನು ತಾನು ಆಳಿಕೊಳ್ಳುವ ದೇಶ, ಆಗಿತ್ತು. ಸಾಲದಲ್ಲಿ ಮುಳುಗಿ 1934ರಲ್ಲಿ ಸ್ವಂತ ಆಡಳಿತವನ್ನು ಬಿಟ್ಟುಕೊಟ್ಟಿತು. ಬ್ರಿಟನ್ ನೇಮಿಸಿದ ಆಯೋಗ ಆಳಿತು. ಮುಂದೇನು ಎಂದು 1948ರಲ್ಲಿ ಎರಡು ಸಲ ಜನಮತ ಕೇಳಿದರು. ಎರಡನೆಯದರಲ್ಲಿ ಕೆನಡಾ ಸೇರಬೇಕೆಂದವರು 78,323, ಸ್ವಂತ ಸರ್ಕಾರವೇ ಬೇಕೆಂದವರು 71,334. ಶೇಕಡಾವಾರು 52.3 ಮತ್ತು 47.7. ಸೇರಿದ್ದು 1949ರ ಮಾರ್ಚ್ 31ರ ನಡುರಾತ್ರಿಗೆ ತುಸು ಮುಂಚೆ. ಏಪ್ರಿಲ್ ಒಂದು ಮೂರ್ಖರ ದಿನವಲ್ಲವೇ, ಅದಕ್ಕೇ ಆ ಅವಸರ ಎಂದು ಊರವರು ಇಂದಿಗೂ ನಗುತ್ತಾರೆ.

ಸೇಂಟ್ ಜಾನ್ಸ್ ಪಟ್ಟಣದ ಒಲವು ಸ್ವಂತ ಸರ್ಕಾರದ ಕಡೆಗಿತ್ತು. ಅಜ್ಜಿಯ ಅಪ್ಪ ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟಿದರಂತೆ, ಹೆಣವಿರುವ ಮನೆಗೆ ಕಟ್ಟುವ ಹಾಗೆ. ಅಮ್ಮ ಆ ಬಟ್ಟೆಯ ಕೆಳಗೆ ತಲೆಬಗ್ಗಿಸಿ ಹೊರಗೆ ಹೋಗಿ ಅರ್ಜಿ ತುಂಬಿ ಬಂದರು. ಕೆನಡಾ ಪ್ರತಿ ಮಗುವಿನ ಲೆಕ್ಕದಲ್ಲಿ ತಾಯಂದಿರ ಹೆಸರಿಗೆ ತಿಂಗಳು ತಿಂಗಳು ಭತ್ಯೆ ಕೊಡುತ್ತಿತ್ತು. ಜನರ ಬಾಯಲ್ಲಿ ಅದು ‘ಬೇಬಿ ಬೋನಸ್’. ಮೊದಲ ಚೆಕ್ಕಿನಲ್ಲಿ ಹನ್ನೆರಡು ವರ್ಷದ ಅಜ್ಜಿಗೆ ಹೊಸ ಬೂಟುಗಳು ಬಂದವು. ‘ಅಪ್ಪ ಆ ಬೂಟುಗಳನ್ನು ಕೆನಡಾ ಬೂಟು ಎಂದೇ ಕರೆಯುತ್ತಿದ್ದ. ಪಾಲಿಶ್ ಮಾಡಿಕೊಡುತ್ತಿದ್ದವನೂ ಅವನೇ.’

ನಾನು ಅಲ್ಲಿಗೆ ಹೋದ ವರ್ಷ, 2004ರ ಡಿಸೆಂಬರ್ 23ರಂದು ಪ್ರಾಂತದ ಪ್ರೀಮಿಯರ್, ಎಂದರೆ ಅಲ್ಲಿಯ ಮುಖ್ಯಮಂತ್ರಿ, ಡ್ಯಾನಿ ವಿಲಿಯಮ್ಸ್ ಸರ್ಕಾರಿ ಕಟ್ಟಡಗಳ ಮೇಲಿಂದ ಕೆನಡಾದ ಧ್ವಜ ಇಳಿಸಿಬಿಟ್ಟರು. ಜಗಳ ಕಡಲಿನ ತೈಲದ ಹಣಕ್ಕೆ. ತೈಲದಿಂದ ಪ್ರಾಂತಕ್ಕೆ ಆದಾಯ ಬಂದಷ್ಟೂ ಬಡ ಪ್ರಾಂತವೆಂದು ಕೇಂದ್ರ ಕೊಡುವ ಸಮೀಕರಣ ಅನುದಾನ ಕಡಿತವಾಗುತ್ತಿತ್ತು. ಬಲಗೈಯಲ್ಲಿ ಕೊಟ್ಟು ಎಡಗೈಯಲ್ಲಿ ಕಿತ್ತುಕೊಂಡ ಹಾಗೆ. ‘ಬಲಿಷ್ಠ ಕೇಂದ್ರ’ ಎಂದು ಅಡಿಗೆರೆ ಎಳೆದು ಬರೆದಿದ್ದ ನಾನು ಬರಿ ಧ್ವಜಸ್ತಂಭವನ್ನು ನೋಡುತ್ತ ಹಿಮದಲ್ಲಿ ನಿಂತೆ. ಜನವರಿಯಲ್ಲಿ ಧ್ವಜ ಮತ್ತೆ ಏರಿತು, ತಿಂಗಳ ಕೊನೆಗೆ ಒಪ್ಪಂದವಾಗಿ ಮುಂಗಡವಾಗಿ 200 ಕೋಟಿ ಡಾಲರ್ ಬಂತು. ಅಜ್ಜಿಗೆ ಧ್ವಜ ಇಳಿಸಿದ್ದು ಹಿಡಿಸಿರಲಿಲ್ಲ. ಆದರೆ ಟಿವಿಯಲ್ಲಿ ಟೊರಾಂಟೊದ ಯಾರೋ ‘ಇವರು ಕೃತಘ್ನರು’ ಎಂದ ಕೂಡಲೇ ಅವರು ಡ್ಯಾನಿಯ ಪಕ್ಷ ಸೇರಿಬಿಟ್ಟರು. ಮನೆಯ ಮಗನನ್ನು ನಾವು ಬೈಯಬಹುದು, ಪಕ್ಕದ ಮನೆಯವರು ಬೈಯಬಾರದು.

ಹೊರಗಿನವರಿಗೆ ಅಲ್ಲಿ ‘ಕಮ್ ಫ್ರಮ್ ಅವೇ’ ಎಂಬ ಹೆಸರಿದೆ. ನಮ್ಮ ‘ಪರಸ್ಥಳದವರು’ ಇದ್ದಂತೆ. ಈ ತಕ್ಕಡಿಯಲ್ಲಿ ನಾನೂ ಟೊರಾಂಟೊದಿಂದ ಬಂದ ನನ್ನ ಸಹಪಾಠಿಯೂ ಒಂದೇ ತೂಕ. ಕ್ಷೇತ್ರಕಾರ್ಯಕ್ಕೆಂದು ಕಡಲಂಚಿನ ಹಳ್ಳಿಯೊಂದಕ್ಕೆ ಇಬ್ಬರೂ ಹೋಗಿದ್ದೆವು. ಮೀನುಗಾರ ಮುದುಕರೊಬ್ಬರು ಬಲೆ ಹೆಣೆಯುವುದನ್ನು ನಿಲ್ಲಿಸದೆ, ‘ನೀವು ಯಾರಿಗೆ ಸೇರಿದವರು?’ ಎಂದರು. ಅಲ್ಲಿ ಹಾಗೆಯೇ ಕೇಳುವುದು. ಸಹಪಾಠಿ ‘ನಾನು ಕೆನಡಿಯನ್’ ಎಂದ. ‘ಅದು ಬೂಟು ನೋಡಿದರೇ ಗೊತ್ತಾಗುತ್ತದೆ. ಯಾರಿಗೆ ಸೇರಿದವನು?’ ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ನಾನಾದರೋ ‘ಯಾರ ಪೈಕಿ?’ ಎಂಬ ಪ್ರಶ್ನೆಯನ್ನು ಪ್ರತಿ ಮದುವೆ ಮನೆಯಲ್ಲೂ ಕೇಳಿಸಿಕೊಂಡು ಬೆಳೆದವನು. ಅಪ್ಪನ ಕಸುಬು, ತಾಯಿಯ ತವರು, ಅಜ್ಜನ ಊರು ಎಲ್ಲವನ್ನೂ ಒಪ್ಪಿಸಿದೆ. ಒಂದು ಹೆಸರೂ ಗೊತ್ತಿರದಿದ್ದರೂ ಅವರು ಸಮಾಧಾನದಿಂದ ತಲೆಯಾಡಿಸಿದರು.

ಅಜ್ಜಿಯ ಮಗ ಹೋಗಿದ್ದ ‘ಕೆನಡಾ’ ಆಲ್ಬರ್ಟಾದ ಫೋರ್ಟ್ ಮಕ್‌ಮರ್ರಿ. 1992ರ ಜುಲೈನಲ್ಲಿ ಕಾಡ್ ಮೀನು ಹಿಡಿಯುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಮೀನು ನಿಜಕ್ಕೂ ಬರಿದಾಗಿತ್ತು. ಸುಮಾರು 30,000 ಜನರ ಕೆಲಸ ಹೋಯಿತು. ದೋಣಿ ಬಿಟ್ಟವರು ತೈಲ ಮರಳಿನ ಗಣಿಗಳಿಗೆ ನಡೆದರು. ರಜೆಗೆ ಬಂದ ಮಗ ಹೇಳಿದ ಒಂದು ಮಾತು ನೆನಪಿದೆ. ಅಲ್ಲಿಯ ಜನಕ್ಕೂ ಒಟ್ಟಾವ, ಎಂದರೆ ರಾಜಧಾನಿಯ ಕೇಂದ್ರ ಸರ್ಕಾರ, ಎಂದರೆ ಇಷ್ಟೇ ಸಿಟ್ಟು, 1980ರ ರಾಷ್ಟ್ರೀಯ ಇಂಧನ ಕಾರ್ಯಕ್ರಮದಲ್ಲಿ ತಮ್ಮ ತೈಲವನ್ನು ದೋಚಿದರು ಎಂದು. ‘ಅವರು ಬೈಯುವಾಗ ನಾನೂ ದನಿಗೂಡಿಸುತ್ತೇನೆ. ನಮ್ಮನ್ನು ನ್ಯೂಫಿ ಎಂದು ಗೇಲಿ ಮಾಡಿದಾಗ ಮಾತ್ರ ಎದ್ದು ಬರುತ್ತೇನೆ.’

ಪಕ್ಕದ ಫ್ರೆಂಚ್ ಮಾತಿನ ಪ್ರಾಂತ ಕ್ವಿಬೆಕ್‌ನ ವಿಷಯಕ್ಕೆ ಬಂದರೆ ತಾಯಿ ಮಗ ಇಬ್ಬರೂ ಒಂದಾಗುತ್ತಿದ್ದರು. 1969ರ ಕರಾರಿನಂತೆ, ಅವರದೇ ಪ್ರಾಂತಕ್ಕೆ ಸೇರಿದ ಮುಖ್ಯಭೂಮಿಯ ಭಾಗವಾದ ಲ್ಯಾಬ್ರಡಾರಿನ ಚರ್ಚಿಲ್ ಜಲಪಾತದ ವಿದ್ಯುತ್ತು 2041ರವರೆಗೆ ಪುಡಿಗಾಸಿಗೆ ಕ್ವಿಬೆಕ್ಕಿಗೆ ಹೋಗಬೇಕಾಗಿತ್ತು. ಅತ್ತ ಕ್ವಿಬೆಕ್ಕಿನ ಮಾಂಟ್ರಿಯಲ್‌ನಿಂದ ಬಂದಿದ್ದ ಗೆಳತಿಯೊಬ್ಬಳಿಗೆ ಈ ಕರಾರಿನ ಹೆಸರೇ ಗೊತ್ತಿರಲಿಲ್ಲ. ಅವಳ ‘ರಾಷ್ಟ್ರೀಯ ಹಬ್ಬ’ ಜೂನ್ 24. ಜುಲೈ 1, ಕೆನಡಾ ದಿನ, ಅವರಲ್ಲಿ ಬಾಡಿಗೆ ಮನೆ ಬದಲಿಸಿ ಸಾಮಾನು ಸಾಗಿಸುವ ದಿನ.

ಆ ಜುಲೈ 1 ಸೇಂಟ್ ಜಾನ್ಸ್‌ನಲ್ಲಿ ಹೇಗಿರುತ್ತದೆ ಎಂಬುದನ್ನು ನೋಡದೆ ಇದ್ದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ, 1916ರ ಜುಲೈ 1ರ ಬೆಳಗ್ಗೆ ಫ್ರಾನ್ಸಿನ ಬೊಮಾಂಟ್ ಹಾಮೆಲ್‌ನಲ್ಲಿ ನ್ಯೂಫೌಂಡ್‌ಲ್ಯಾಂಡ್ ರೆಜಿಮೆಂಟಿನ ಸುಮಾರು 800 ಮಂದಿ ಕಂದಕದಿಂದ ಮೇಲೆದ್ದರು. ಮರುದಿನ ಹಾಜರಿ ಕರೆದಾಗ ಓಗೊಟ್ಟವರು 68. ನಾನು ಓದುತ್ತಿದ್ದ ವಿಶ್ವವಿದ್ಯಾಲಯದ ಹೆಸರಿನ ‘ಮೆಮೋರಿಯಲ್’ ಆ ಯುದ್ಧದಲ್ಲಿ ಸತ್ತವರ ನೆನಪಿನದು ಎಂಬುದು ನನಗೆ ತಿಳಿದದ್ದೇ ಅಂದು. 2005ರಲ್ಲಿ ಅಜ್ಜಿ ನನ್ನನ್ನು ಬಂದರಿನ ಮೇಲುಗಡೆಯ ಯುದ್ಧ ಸ್ಮಾರಕಕ್ಕೆ ಕರೆದುಕೊಂಡು ಹೋದರು. ಕೋಟಿನ ಎದೆಗೆ ನೀಲಿಯ ಪುಟ್ಟ ‘ಮರೆಯದಿರು’ ಹೂವು. ಅವರ ಅಪ್ಪನ ಅಣ್ಣ ಆ 68ರಲ್ಲಿ ಇರಲಿಲ್ಲ. 1924ರಲ್ಲಿ ಎದ್ದ ಆ ಕಲ್ಲಿನ ಹೆಸರು ‘ರಾಷ್ಟ್ರೀಯ ಯುದ್ಧ ಸ್ಮಾರಕ’. ಯಾವ ರಾಷ್ಟ್ರ? ಕೆನಡಾ ಅಲ್ಲ. ಹೆಸರನ್ನು ಯಾರೂ ಬದಲಿಸಿಲ್ಲ, ಬದಲಿಸಿ ಎಂದು ಕೇಳಿದವರೂ ನನಗೆ ಸಿಗಲಿಲ್ಲ.

ಮಧ್ಯಾಹ್ನದವರೆಗೆ ಧ್ವಜ ಅರ್ಧಕ್ಕಿಳಿದೇ ಇತ್ತು. ಆಮೇಲೆ ತುದಿಗೆ ಏರಿತು. ಅಜ್ಜಿ ಹೂವನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡು, ‘ನಡಿ, ಕೇಕ್ ಕೊಡುತ್ತಾರೆ’ ಎಂದರು. ರಾತ್ರಿ ಕೆರೆಯ ದಂಡೆಯ ಮೇಲೆ ಪಟಾಕಿ ನೋಡಿ ಮಕ್ಕಳಂತೆ ಕೈ ತಟ್ಟಿದರು. ಬೆಳಗಿನ ಅಳುವಿಗೂ ರಾತ್ರಿಯ ಚಪ್ಪಾಳೆಗೂ ಜಗಳವಿದೆ ಎಂದು ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. ಜಗಳ ಹುಡುಕುತ್ತಿದ್ದವನು ನಾನೊಬ್ಬನೇ.

ಇದನ್ನೆಲ್ಲ ಹನ್ನೊಂದು ಪುಟಗಳ ಕಾಗದ ಮಾಡಿ ಸರ್‌ಗೆ ಬರೆದೆ. ಅವರ ಉತ್ತರ ಒಂದು ಅಂಚೆ ಕಾರ್ಡು. ‘ಕಾಗದ ಮುಟ್ಟಿತು. ಕಪ್ಪು ಬಟ್ಟೆ ಕಟ್ಟಿದ ಅಪ್ಪನ ಮತ ತಿಳಿಯಿತು. ತಾಯಿಯ ಮತ ಯಾವ ಕಡೆಗೆ ಬಿದ್ದಿತ್ತು? ಕೇಳಿ ತಿಳಿಸುವುದು.’

ಅಜ್ಜಿಯನ್ನು ಕೇಳಿದೆ. ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು. ‘ಅಪ್ಪ ಸಾಯುವ ವರ್ಷದವರೆಗೂ ಕೇಳುತ್ತಿದ್ದ, ಮಗನೇ. ಅಮ್ಮ ಒಮ್ಮೆಯೂ ಹೇಳಲಿಲ್ಲ. ಏಳು ಸಾವಿರ ಮತಗಳ ಅಂತರ ನೋಡು. ಒಂದು ಮತ ನಮ್ಮ ಅಡುಗೆಮನೆಯದು ಎಂಬ ಅನುಮಾನ ಅಪ್ಪನಿಗೆ ಕೊನೆಗೂ ಹೋಗಲಿಲ್ಲ.’

ಆ ಚಳಿಗಾಲದ ಒಂದು ರಾತ್ರಿ ಒಂಬತ್ತಕ್ಕೆ ಸರ್‌ಗೆ ಫೋನ್ ಮಾಡಿದೆ. ಧಾರವಾಡದಲ್ಲಿ ಆರು, ಹಿಂದೆ ಆಕಾಶವಾಣಿ ಕೇಳಿಸುತ್ತಿತ್ತು. ಹೇಳಿ ಮುಗಿಸಿದಾಗ ಅವರು ಜೋರಾಗಿ ನಕ್ಕರು. ‘ತಮ್ಮಾ, ಆ ಉತ್ತರ ಪತ್ರಿಕೆ ಇನ್ನೂ ಇದೆಯೇನು? ಊರಿಗೆ ಬಂದಾಗ ತೆಗೆದುಕೊಂಡು ಬಾ. ಹನ್ನೊಂದನ್ನು ಹನ್ನೆರಡು ಮಾಡೋಣ.’