ಎರಡನೇ ಸುತ್ತು

ದ್ವಿತೀಯ ಪಿಯುಸಿ ವರ್ಷ ನನ್ನ ಓಟ ಇದ್ದಕ್ಕಿದ್ದಂತೆ ಕೈಕೊಟ್ಟಿತು. ನಾನು ಓಡುವುದು 800 ಮೀಟರ್, ಅಂದರೆ ಟ್ರ್ಯಾಕಿನ ಎರಡು ಸುತ್ತು. ಮೊದಲ ಸುತ್ತು ಹೇಗೋ ಮುಗಿಯುತ್ತಿತ್ತು. ಎರಡನೆಯದರಲ್ಲಿ ಎದೆ ಡವಡವ, ಕಾಲು ಭಾರ, ಕಣ್ಣಿಗೆ ಕತ್ತಲೆ. ಕಾರವಾರದ ಮಾಲಾದೇವಿ ಮೈದಾನದಲ್ಲಿ ನನ್ನ ಹಿಂದೆ ಇರುತ್ತಿದ್ದವರೆಲ್ಲ ಮುಂದೆ ಹೋದರು. "ಹುಡುಗಿಗೆ ಈಗ ಓಟದ ಮೇಲೆ ಮನಸ್ಸಿಲ್ಲ" ಅಂತ ಯಾರೋ ಅಂದರು. ಆ ಮಾತು ತುಂಬಾ ನೋಯಿಸಿತು. ಕ್ರೀಡಾ ಕೋಟಾದ ಸೀಟು ಸಿಗದಿದ್ದರೆ ಮುಂದೆ ಓದುವುದು ನಮಗೆ ಕಷ್ಟವೇ ಇತ್ತು.

ಅಪ್ಪ ಬೈತಖೋಲ ಬಂದರಿನ ಮೀನುಗಾರಿಕೆ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಮನೆ ನಡೆಯುವುದು ಆಯಿಯ, ಅಂದರೆ ಅಮ್ಮನ, ಒಣಮೀನಿನ ಬುಟ್ಟಿಯಿಂದ. ಬೆಳಿಗ್ಗೆ ಚಹಾ ಕುಡಿದು ಪ್ರಾಕ್ಟೀಸು, ಬಂದು ಮತ್ತೆ ಚಹಾ, ಆಮೇಲೆ ಕಾಲೇಜು. ಹಸಿವು ಅಂತ ನಾನು ಹೇಳುತ್ತಿರಲಿಲ್ಲ.

ನಮ್ಮ ಸರ್ ಮಾತ್ರ ಬೈಯಲಿಲ್ಲ. "ಮೊದಲು ರಕ್ತ ಪರೀಕ್ಷೆ ಮಾಡಿಸು" ಅಂದರು. ಡಾಕ್ಟರಮ್ಮ ನನ್ನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇಲ್ಲ, ಬಿಳುಚಿಕೊಂಡಿತ್ತು. ಹಿಮೋಗ್ಲೋಬಿನ್ 8.4. ನನ್ನ ವಯಸ್ಸಿನ ಹುಡುಗಿಗೆ 12 ಆದರೂ ಬೇಕು. "ಸ್ನಾಯುಗಳಿಗೆ ಆಮ್ಲಜನಕ ಹೊತ್ತೊಯ್ಯೋದೇ ಇದು. ಇಷ್ಟರಲ್ಲಿ ನೀನು ಮೊದಲ ಸುತ್ತು ಓಡಿದ್ದೇ ದೊಡ್ಡದು" ಅಂದರು. ಅಲ್ಲೇ ಅತ್ತುಬಿಟ್ಟೆ. ನನ್ನ ಮನಸ್ಸಿನಲ್ಲಿ ಏನೂ ಕೊರತೆ ಇರಲಿಲ್ಲ, ಅಲ್ವಾ?

ಕಬ್ಬಿಣದ ಮಾತ್ರೆ ಶುರುವಾಯಿತು. ಊಟದ ಹೊತ್ತಿಗೆ ಚಹಾ ಬಂದ್, ಯಾಕಂದ್ರೆ ಅದು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬದಲಿಗೆ ಲಿಂಬು ಶರಬತ್ತು. ಮಾತ್ರೆಯಿಂದ ಹೊಟ್ಟೆ ತೊಳೆಸುತ್ತಿತ್ತು. ಶಾಲೆ ಕಾಲೇಜುಗಳಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ನೀಲಿ ಮಾತ್ರೆಯನ್ನು ಎಷ್ಟೋ ಹುಡುಗಿಯರು ಇದೇ ಕಾರಣಕ್ಕೆ ನುಂಗದೆ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಮಳೆ ನಿಂತ ಮೇಲೆ ಆಯಿ ಕಾಳಿ ನದಿಯ ತಿಸ್ರೆ (ಚಿಪ್ಪುಮೀನು) ತಂದು, ಮೆಟ್ಟುಗತ್ತಿಯ ಮೇಲೆ ಒಂದೊಂದೇ ಚಿಪ್ಪು ಬಿಡಿಸಿ, ಕಾಯಿ ಹಾಕಿ ಸುಕ್ಕಾ ಮಾಡುತ್ತಿದ್ದಳು. ನನ್ನ ತಟ್ಟೆಗೆ ಜಾಸ್ತಿ ಬೀಳುತ್ತಿತ್ತು. ತಮ್ಮ ಒಂದು ದಿನವೂ ತಕರಾರು ಮಾಡಲಿಲ್ಲ.

ಆ ವರ್ಷದ ಜಿಲ್ಲಾ ಕೂಟ ಕೈತಪ್ಪಿತು. ಗೆಳತಿಯರು ಓಡುವುದನ್ನು ಹೊರಗೆ ಕೂತು ನೋಡಿದೆ. ಅದಕ್ಕಿಂತ ಕೆಟ್ಟ ದಿನ ನನಗೆ ಗೊತ್ತಿಲ್ಲ. ಓಡದ ಸಂಜೆಗಳಲ್ಲಿ ಅಕೌಂಟೆನ್ಸಿ ಲೆಕ್ಕ ಮಾಡಿದೆ. ಚಳಿಗಾಲದ ಹೊತ್ತಿಗೆ ಟ್ಯಾಗೋರ್ ಕಡಲತೀರದ ಗಟ್ಟಿ ಮರಳಿನಲ್ಲಿ, ಇಳಿತದ ಹೊತ್ತು ನೋಡಿ, ನಿಧಾನವಾಗಿ ಓಟ ಶುರು ಮಾಡಿದೆ. ಉಸಿರು ಮೆಲ್ಲಗೆ ತಿರುಗಿ ಬಂತು.

ಪರೀಕ್ಷೆ ಮುಗಿದ ಮೇಲೆ ಧಾರವಾಡದ ಕಾಲೇಜೊಂದರಲ್ಲಿ ಆಯ್ಕೆ ಓಟ ಇತ್ತು. ಎರಡನೇ ಸುತ್ತಿನಲ್ಲಿ ಮುಂದಿದ್ದ ಇಬ್ಬರನ್ನು ದಾಟಿದೆ. ಸೀಟು ಸಿಕ್ಕಿತು, ಹಾಸ್ಟೆಲ್ಲೂ ಸಿಕ್ಕಿತು. ಬಿಡಲು ಬಂದ ಆಯಿ ವಾರ್ಡನ್ ಹತ್ತಿರ ಕೇಳಿದ ಮೊದಲ ಮಾತು, "ಊಟದ ಜೊತೆಗೇ ಚಹಾ ಕೊಡೋದಿಲ್ಲ ಅಲ್ವಾ ಅಕ್ಕಾ?"